ಮರೆವನ್ನು ಅಳೆದ ಹರ್ಮನ್ ಎಬ್ಬಿಂಗ್‌ಹೌಸ್: ಕಾಫಿ ಅಂಗಡಿಯ ತರಬೇತಿ ಕ್ವಿಜ್‌ಗೆ ಅವರ ಬದುಕಿನ ಪಾಠ

ಕಾಫಿ ಅಂಗಡಿಯೊಂದಕ್ಕೆ ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗಿಯೊಬ್ಬಳನ್ನು ಊಹಿಸಿಕೊಳ್ಳಿ. ಮೊದಲ ದಿನವೇ ಆಕೆಯ ಮೊಬೈಲ್‌ಗೆ ಒಂದು ಲಿಂಕ್ ಬರುತ್ತದೆ. ತೆರೆದರೆ ನಲವತ್ತು ಸ್ಲೈಡ್‌ಗಳ ಪಾಠ. ಎಸ್ಪ್ರೆಸೊಗೆ ಎಷ್ಟು ಗ್ರಾಂ ಪುಡಿ ಹಾಕಬೇಕು, ಹಾಲನ್ನು ಎಷ್ಟು ಡಿಗ್ರಿವರೆಗೆ ಬಿಸಿ ಮಾಡಬೇಕು, ಲಾಟೆಗೂ ಕ್ಯಾಪುಚಿನೋಗೂ ಏನು ವ್ಯತ್ಯಾಸ, ಅಲರ್ಜಿ ಇರುವ ಗ್ರಾಹಕರು ಬಂದರೆ ಏನು ಮಾಡಬೇಕು, ಎಲ್ಲವೂ ಅದರಲ್ಲಿದೆ. ಕೊನೆಯಲ್ಲಿ ಇಪ್ಪತ್ತು ಪ್ರಶ್ನೆಗಳ ಕ್ವಿಜ್. ಹದಿನೆಂಟಕ್ಕೆ ಸರಿ ಉತ್ತರ ಬಂತು. ಪರದೆಯ ಮೇಲೆ ಹಸಿರು ಗುರುತು. ತರಬೇತಿ ಮುಗಿಯಿತು!

ಎರಡು ವಾರ ಕಳೆಯಿತು. ಬೆಳಗಿನ ನೂಕುನುಗ್ಗಲು. ಗ್ರಾಹಕರೊಬ್ಬರು ತಮಗೆ ಬಾದಾಮಿ ಆಗುವುದಿಲ್ಲ, ಅಲರ್ಜಿ ಇದೆ ಎಂದು ಹೇಳಿ ಮಾಮೂಲಿ ಹಾಲಿನ ಲಾಟೆ ಕೇಳುತ್ತಾರೆ. ಆಕೆ ಈಗಷ್ಟೇ ಅದೇ ಜಗ್‌ನಲ್ಲಿ ಬಾದಾಮಿ ಹಾಲನ್ನು ಬಿಸಿ ಮಾಡಿದ್ದಾಳೆ. ಇದರ ಬಗ್ಗೆ ಒಂದು ಸ್ಲೈಡ್ ಇತ್ತು ಎಂಬುದು ನೆನಪಿದೆ, ಅದರಲ್ಲಿ ಏನಿತ್ತು ಎಂಬುದು ನೆನಪಿಲ್ಲ. ಪಕ್ಕದಲ್ಲಿದ್ದ ಹಳಬರು ಗಮನಿಸಿ ಬೇರೆ ಜಗ್ ಕೊಟ್ಟಿದ್ದರಿಂದ ಅನಾಹುತ ತಪ್ಪಿತು. ಮ್ಯಾನೇಜರ್ ಮಾತ್ರ, ಕ್ವಿಜ್‌ನಲ್ಲಿ ಸರಿಯಾಗಿಯೇ ಉತ್ತರ ಕೊಟ್ಟಿದ್ದವಳು ಹೀಗೇಕೆ ಮಾಡಿದಳು, ಈಕೆಗೆ ಗಮನವೇ ಇಲ್ಲ ಎಂದುಕೊಂಡರು.

ತಪ್ಪು ಯಾರದ್ದು? ಹುಡುಗಿಯದ್ದೋ, ಕ್ವಿಜ್‌ನದ್ದೋ?

ಈ ಪ್ರಶ್ನೆಗೆ ಉತ್ತರ ಬೇಕಾದರೆ ಸುಮಾರು 140 ವರ್ಷ ಹಿಂದಕ್ಕೆ, ಜರ್ಮನಿಗೆ ಹೋಗಬೇಕು. ಮರೆವು ಎಂಬುದು ದಡ್ಡತನವೂ ಅಲ್ಲ, ಸೋಮಾರಿತನವೂ ಅಲ್ಲ, ಅದಕ್ಕೊಂದು ಲೆಕ್ಕವಿದೆ ಎಂದು ಮೊದಲು ತೋರಿಸಿದವರು ಅಲ್ಲಿದ್ದರು. ಅವರ ಹೆಸರು ಹರ್ಮನ್ ಎಬ್ಬಿಂಗ್‌ಹೌಸ್. ಇಂದು ಅವರ ಹೆಸರು ತರಬೇತಿ ಕೊಠಡಿಗಳ ಸ್ಲೈಡ್‌ಗಳಲ್ಲಿ ಆಗಾಗ ಕಾಣಿಸುತ್ತದೆ. ಆದರೆ ಅವರು ಹೇಳಿದ್ದು ಒಂದು, ಅವರ ಹೆಸರಿನಲ್ಲಿ ಹಬ್ಬಿರುವುದು ಇನ್ನೊಂದು. ಬನ್ನಿ, ಅವರ ಬದುಕನ್ನೊಮ್ಮೆ ನೋಡೋಣ.

ವ್ಯಾಪಾರಿಯ ಮಗ, ತತ್ವಶಾಸ್ತ್ರದ ವಿದ್ಯಾರ್ಥಿ

ಎಬ್ಬಿಂಗ್‌ಹೌಸ್ ಹುಟ್ಟಿದ್ದು 1850ರ ಜನವರಿ 24ರಂದು, ಪ್ರಷ್ಯಾ ರಾಜ್ಯದ ಬಾರ್ಮೆನ್ ಎಂಬ ಊರಿನಲ್ಲಿ. ಈಗ ಆ ಊರು ಜರ್ಮನಿಯ ವುಪ್ಪರ್ಟಾಲ್ ನಗರದ ಒಂದು ಭಾಗ. ತಂದೆ ಅನುಕೂಲಸ್ಥ ವ್ಯಾಪಾರಿ. ಹದಿನೇಳನೆಯ ವಯಸ್ಸಿಗೆ ಬಾನ್ ವಿಶ್ವವಿದ್ಯಾಲಯ ಸೇರಿದಾಗ ಅವರಿಗೆ ಆಸಕ್ತಿ ಇದ್ದದ್ದು ಇತಿಹಾಸ ಮತ್ತು ಭಾಷೆಗಳಲ್ಲಿ. ಆಮೇಲೆ ಮನಸ್ಸು ತತ್ವಶಾಸ್ತ್ರದ ಕಡೆ ತಿರುಗಿತು. ಹಾಲೆ ಮತ್ತು ಬರ್ಲಿನ್‌ನಲ್ಲೂ ಓದಿದರು.

1870ರಲ್ಲಿ ಫ್ರಾನ್ಸ್ ಮತ್ತು ಪ್ರಷ್ಯಾ ನಡುವೆ ಯುದ್ಧ ಶುರುವಾಯಿತು. ಓದು ನಿಲ್ಲಿಸಿ ಅವರು ಸೈನ್ಯ ಸೇರಿದರು. ಯುದ್ಧದಿಂದ ಮರಳಿದ ಮೇಲೆ 1873ರಲ್ಲಿ, ಎಡುವರ್ಡ್ ಫಾನ್ ಹಾರ್ಟ್‌ಮನ್ ಎಂಬ ತತ್ವಜ್ಞಾನಿಯ ಚಿಂತನೆಯ ಕುರಿತು ಪ್ರಬಂಧ ಬರೆದು ಡಾಕ್ಟರೇಟ್ ಪಡೆದರು. ಆಗ ಅವರಿಗೆ 23 ವರ್ಷ. ಪ್ರಯೋಗ, ಅಳತೆ, ಲೆಕ್ಕ ಇವುಗಳ ಗಾಳಿಯೂ ಇನ್ನೂ ಅವರಿಗೆ ಸೋಕಿರಲಿಲ್ಲ.

ಮುಂದಿನ ಕೆಲವು ವರ್ಷ ಅವರು ಇಂಗ್ಲೆಂಡ್ ಮತ್ತು ಫ್ರಾನ್ಸ್‌ನಲ್ಲಿ ಪಾಠ ಹೇಳುತ್ತ, ಸ್ವಂತ ಓದು ಮುಂದುವರಿಸುತ್ತ ಕಳೆದರು. ಈ ಅವಧಿಯಲ್ಲಿ ಪ್ಯಾರಿಸ್‌ನ ಹಳೆಯ ಪುಸ್ತಕಗಳ ಅಂಗಡಿಯೊಂದರಲ್ಲಿ ಒಂದು ಪುಸ್ತಕ ಅವರ ಕೈಗೆ ಸಿಕ್ಕಿತು ಎಂದು ಹೇಳುತ್ತಾರೆ. ಅದು ಗುಸ್ಟಾವ್ ಫೆಕ್ನರ್ 1860ರಲ್ಲಿ ಪ್ರಕಟಿಸಿದ ಗ್ರಂಥ. ಕೈಯಲ್ಲಿರುವ ತೂಕ ಎಷ್ಟು ಹೆಚ್ಚಾದರೆ ಅದು ಹೆಚ್ಚಾಗಿದೆ ಎಂದು ನಮಗೆ ಗೊತ್ತಾಗುತ್ತದೆ, ಬೆಳಕು ಎಷ್ಟು ಹೆಚ್ಚಾದರೆ ಕಣ್ಣಿಗೆ ತಿಳಿಯುತ್ತದೆ, ಇಂಥ ಪ್ರಶ್ನೆಗಳಿಗೆ ಫೆಕ್ನರ್ ಅಂಕಿಗಳಲ್ಲಿ ಉತ್ತರ ಹುಡುಕಿದ್ದರು. ಅಂದರೆ ಮನಸ್ಸಿನೊಳಗಿನ ಅನುಭವವನ್ನು ಹೊರಗಿನಿಂದ ಅಳೆಯುವ ದಾರಿ ತೋರಿಸಿದ್ದರು.

ಸಂವೇದನೆಯನ್ನು ಅಳೆಯಬಹುದಾದರೆ ನೆನಪನ್ನು ಏಕೆ ಅಳೆಯಬಾರದು? ಈ ಪ್ರಶ್ನೆಯೇ ಎಬ್ಬಿಂಗ್‌ಹೌಸ್ ಅವರ ದಾರಿ ಬದಲಿಸಿತು. ಆ ಕಾಲಕ್ಕೆ ಇದು ಸಣ್ಣ ಮಾತಲ್ಲ. 1879ರಲ್ಲಿ ಲೈಪ್‌ಜಿಗ್‌ನಲ್ಲಿ ಮನೋವಿಜ್ಞಾನದ ಪ್ರಯೋಗಾಲಯ ಸ್ಥಾಪಿಸಿ ಹೆಸರಾದ ವಿಲ್‌ಹೆಲ್ಮ್ ವುಂಟ್ ಅವರೂ, ನೆನಪು ಮತ್ತು ಆಲೋಚನೆಯಂಥ ಸಂಕೀರ್ಣ ಕ್ರಿಯೆಗಳನ್ನು ಪ್ರಯೋಗಕ್ಕೆ ಒಳಪಡಿಸಲು ಆಗದು ಎಂದೇ ನಂಬಿದ್ದರು.

ಅರ್ಥವಿಲ್ಲದ 2,300 ತುಣುಕುಗಳು

ನೆನಪನ್ನು ಅಳೆಯಲು ಹೊರಟವರಿಗೆ ಮೊದಲು ಎದುರಾಗುವ ತೊಂದರೆ ಯಾವುದು ಗೊತ್ತೇ? ಎಲ್ಲರಿಗೂ ಎಲ್ಲ ವಿಷಯವೂ ಸಮಾನವಾಗಿ ಹೊಸದಲ್ಲ. ಮನೆಯಲ್ಲಿ ದಿನಾ ಫಿಲ್ಟರ್ ಕಾಫಿ ಮಾಡುವವರಿಗೆ ಡಿಕಾಕ್ಷನ್ ಬಗ್ಗೆ ಹೇಳಿದರೆ ತಕ್ಷಣ ನಿಲ್ಲುತ್ತದೆ. ಕಾಫಿಯನ್ನೇ ಕುಡಿಯದವರಿಗೆ ಅದೇ ಮಾತು ಬಾಯಿಪಾಠದ ಹೊರೆ. ಹಾಗಾದರೆ ಅಳೆಯುತ್ತಿರುವುದು ಹೊಸ ನೆನಪನ್ನೋ, ಹಳೆಯ ತಿಳಿವಳಿಕೆಯನ್ನೋ?

ಇದಕ್ಕೆ ಎಬ್ಬಿಂಗ್‌ಹೌಸ್ ಒಂದು ಉಪಾಯ ಮಾಡಿದರು. ಒಂದು ವ್ಯಂಜನ, ಒಂದು ಸ್ವರ, ಮತ್ತೊಂದು ವ್ಯಂಜನ ಹೀಗೆ ಮೂರು ಧ್ವನಿಗಳನ್ನು ಜೋಡಿಸಿ ಸುಮಾರು 2,300 ತುಣುಕುಗಳನ್ನು ತಯಾರಿಸಿದರು. ಬಹುಪಾಲು ತುಣುಕುಗಳಿಗೆ ಅರ್ಥವೇ ಇಲ್ಲ. ಅವುಗಳನ್ನು ಬೆರೆಸಿ, ಹನ್ನೆರಡೋ ಹದಿಮೂರೋ ಇಪ್ಪತ್ನಾಲ್ಕೋ ತುಣುಕುಗಳ ಸಾಲು ಮಾಡಿ ಉರು ಹೊಡೆಯಬೇಕು. ಒಂದೂ ತಪ್ಪಿಲ್ಲದೆ ಒಪ್ಪಿಸುವವರೆಗೆ ಬಿಡುವಂತಿಲ್ಲ.

ಉರು ಹೊಡೆಯುವವರು ಯಾರು? ಅವರೇ! ಪ್ರಯೋಗ ಮಾಡುವವರೂ ಅವರೇ, ಪ್ರಯೋಗಕ್ಕೆ ಒಳಗಾಗುವವರೂ ಅವರೇ. 1879-80ರಲ್ಲಿ ಒಂದು ಸುತ್ತು, ಎಲ್ಲವನ್ನೂ ಪರೀಕ್ಷಿಸಿ ನೋಡಲು 1883-84ರಲ್ಲಿ ಮತ್ತೊಂದು ಸುತ್ತು. ಓದುವ ವೇಗ ಏರುಪೇರಾಗಬಾರದೆಂದು ನಿಮಿಷಕ್ಕೆ 150 ಬಡಿತದ ತಾಳಕ್ಕೆ ಸರಿಯಾಗಿ ಓದುತ್ತಿದ್ದರು. ದಿನದ ಗೊತ್ತಾದ ಹೊತ್ತಿನಲ್ಲೇ ಕೂರುತ್ತಿದ್ದರು. ನೆನಪಿಡಲು ಕಥೆ ಕಟ್ಟುವುದು, ರಾಗ ಹಾಕುವುದು ಇಂಥ ಯಾವ ಕಸರತ್ತನ್ನೂ ಮಾಡುತ್ತಿರಲಿಲ್ಲ. ಮಗ್ಗಿ ಉರು ಹೊಡೆದ ದಿನಗಳನ್ನು ನೆನೆಸಿಕೊಂಡು ಇದನ್ನು ಊಹಿಸಿ. ಮಗ್ಗಿಯಲ್ಲಾದರೂ ಲೆಕ್ಕವಿದೆ, ಲಯವಿದೆ. ಇಲ್ಲಿ ಅದೂ ಇಲ್ಲ.

ಮೊದಲ ಫಲಿತಾಂಶವೇ ಕುತೂಹಲಕರವಾಗಿತ್ತು. ಏಳು ತುಣುಕುಗಳ ಸಾಲನ್ನು ಒಮ್ಮೆ ಓದಿದರೆ ಸಾಕು, ಒಪ್ಪಿಸಬಹುದಿತ್ತು. ಹನ್ನೆರಡಕ್ಕೆ ಏರಿಸಿದರೆ ಸುಮಾರು 17 ಸಲ ಓದಬೇಕಾಯಿತು. ಹದಿನಾರಕ್ಕೆ 30 ಸಲ. ಅಂದರೆ ಸಾಲು ಸ್ವಲ್ಪ ಉದ್ದವಾದರೆ ಶ್ರಮ ಸ್ವಲ್ಪ ಹೆಚ್ಚುವುದಿಲ್ಲ, ಒಮ್ಮೆಲೇ ಜಿಗಿಯುತ್ತದೆ.

ಇಲ್ಲಿ ಆ ನಲವತ್ತು ಸ್ಲೈಡ್‌ಗಳನ್ನು ನೆನಪಿಸಿಕೊಳ್ಳಿ. ಹತ್ತು ಪಾನೀಯಗಳ ಅಳತೆಯನ್ನು ಒಂದೇ ಕೂತಿನಲ್ಲಿ ತುಂಬಿಸುವುದಕ್ಕೂ ದಿನಕ್ಕೆ ಎರಡೆರಡರಂತೆ ಕಲಿಸುವುದಕ್ಕೂ ಇರುವ ವ್ಯತ್ಯಾಸ ಇದೇ. ಕ್ವಿಜ್ ತಯಾರಿಸುವವರಿಗೆ ಎಬ್ಬಿಂಗ್‌ಹೌಸ್ ಕೊಡುವ ಮೊದಲ ಸುಳಿವು: ಪಟ್ಟಿಯನ್ನು ಚಿಕ್ಕದಾಗಿ ಒಡೆಯಿರಿ.

ಮರೆವಿನ ರೇಖೆ

ಕಲಿಯುವುದನ್ನು ಅಳೆದಾಯಿತು. ಮರೆಯುವುದನ್ನು ಅಳೆಯುವುದು ಹೇಗೆ? ನೆನಪಿದೆಯೇ ಎಂದು ಕೇಳಿದರೆ ಇದೆ, ಇಲ್ಲ ಎಂಬ ಎರಡೇ ಉತ್ತರ. ಆದರೆ ಇಲ್ಲ ಎಂದಾಗಲೂ ಒಳಗೆ ಏನೋ ಉಳಿದಿರಬಹುದಲ್ಲವೇ?

ಎಬ್ಬಿಂಗ್‌ಹೌಸ್ ಕಂಡುಕೊಂಡ ದಾರಿ ಬಹಳ ಜಾಣತನದ್ದು. ಒಮ್ಮೆ ಕಲಿತ ಸಾಲನ್ನು ಸ್ವಲ್ಪ ಕಾಲ ಬಿಟ್ಟು ಮತ್ತೆ ಕಲಿಯುವುದು. ಎರಡನೆಯ ಸಲ ಎಷ್ಟು ಸಮಯ ಉಳಿತಾಯವಾಯಿತು ಎಂದು ನೋಡುವುದು. ಉದಾಹರಣೆಗೆ, ಮೊದಲ ಸಲ ಕಲಿಯಲು 1,000 ಸೆಕೆಂಡು ಬೇಕಾಗಿತ್ತು, ಮರುದಿನ ಮತ್ತೆ ಕಲಿಯಲು 660 ಸೆಕೆಂಡು ಸಾಕಾಯಿತು ಎಂದುಕೊಳ್ಳಿ. ಆಗ ಉಳಿತಾಯ 340 ಸೆಕೆಂಡು, ಅಂದರೆ ಶೇ. 34. ಅಷ್ಟರ ಮಟ್ಟಿಗೆ ಹಳೆಯ ಕಲಿಕೆ ಒಳಗೆ ಉಳಿದಿದೆ ಎಂದು ಲೆಕ್ಕ.

ಹದಿಮೂರು ತುಣುಕುಗಳ ಎಂಟು ಸಾಲು ಕಲಿಯುವುದು, ಬೇರೆ ಬೇರೆ ಅಂತರ ಬಿಟ್ಟು ಮತ್ತೆ ಕಲಿಯುವುದು, ಹೀಗೆ 163 ಜೋಡಿ ಪ್ರಯೋಗಗಳನ್ನು ಅವರು ಮಾಡಿದರು. ಸಿಕ್ಕ ಸರಾಸರಿ ಉಳಿತಾಯ ಹೀಗಿತ್ತು: ಸುಮಾರು 20 ನಿಮಿಷದ ನಂತರ ಶೇ. 58, ಒಂದು ಗಂಟೆಯ ನಂತರ ಶೇ. 44, ಸುಮಾರು 9 ಗಂಟೆಯ ನಂತರ ಶೇ. 36, ಒಂದು ದಿನದ ನಂತರ ಶೇ. 34, ಎರಡು ದಿನದ ನಂತರ ಶೇ. 28, ಆರು ದಿನದ ನಂತರ ಶೇ. 25, ಮೂವತ್ತೊಂದು ದಿನದ ನಂತರ ಶೇ. 21.

ಈ ಅಂಕಿಗಳನ್ನು ಗ್ರಾಫ್‌ನಲ್ಲಿ ಗುರುತಿಸಿದರೆ ಮೊದಲು ಕಡಿದಾಗಿ ಇಳಿದು ಆಮೇಲೆ ನಿಧಾನವಾಗಿ ಚಪ್ಪಟೆಯಾಗುವ ರೇಖೆ ಬರುತ್ತದೆ. ಇದೇ ಪ್ರಸಿದ್ಧವಾದ ಮರೆವಿನ ರೇಖೆ. ಮೊದಲ ಒಂದು ಗಂಟೆಯಲ್ಲಿ ಆಗುವ ನಷ್ಟ ದೊಡ್ಡದು. ಆರನೆಯ ದಿನದಿಂದ ಮೂವತ್ತೊಂದನೆಯ ದಿನದವರೆಗೆ ಆಗುವ ನಷ್ಟ ಬಹಳ ಸಣ್ಣದು.

ಹಾಗಾದರೆ ಸ್ಲೈಡ್ ನೋಡಿದ ಐದು ನಿಮಿಷಕ್ಕೆ ಕೊಟ್ಟ ಕ್ವಿಜ್ ಏನನ್ನು ಅಳೆಯಿತು? ರೇಖೆಯ ತುತ್ತತುದಿಯನ್ನು. ಆ ಹುಡುಗಿಗೆ ಸಿಕ್ಕ ಹದಿನೆಂಟು ಅಂಕ ಸುಳ್ಳಲ್ಲ. ಆದರೆ ಅದು ಆ ಹೊತ್ತಿನ ಅಂಕ, ಎರಡು ವಾರದ ನಂತರದ್ದಲ್ಲ. ಅದನ್ನು ನೋಡಿ ತರಬೇತಿ ಮುಗಿಯಿತು ಎಂದುಕೊಂಡದ್ದೇ ತಪ್ಪು.

ಶೇ. 70 ಮರೆತುಹೋಗುತ್ತದೆ ಎಂಬುದು ನಿಜವೇ?

ತರಬೇತಿ ಕಾರ್ಯಕ್ರಮಗಳಲ್ಲಿ ಒಂದು ಮಾತು ಪದೇ ಪದೇ ಕೇಳಿಬರುತ್ತದೆ. ಕಲಿತದ್ದರಲ್ಲಿ ಶೇ. 70ರಷ್ಟನ್ನು ಮನುಷ್ಯರು ಒಂದೇ ದಿನದಲ್ಲಿ ಮರೆಯುತ್ತಾರಂತೆ, ಎಬ್ಬಿಂಗ್‌ಹೌಸ್ ಇದನ್ನು ಸಾಬೀತು ಮಾಡಿದ್ದಾರಂತೆ. ಇದು ಎಷ್ಟು ನಿಜ?

ಮೊದಲನೆಯದಾಗಿ, ಒಂದು ದಿನದ ನಂತರದ ಉಳಿತಾಯ ಶೇ. 34 ಎಂದರೆ ಹದಿಮೂರರಲ್ಲಿ ನಾಲ್ಕು ತುಣುಕು ನೆನಪಿತ್ತು ಎಂದು ಅರ್ಥವಲ್ಲ. ಅದು ಮತ್ತೆ ಕಲಿಯಲು ಉಳಿದ ಸಮಯದ ಲೆಕ್ಕ. ಎರಡನೆಯದಾಗಿ, ಇದು ಒಬ್ಬರೇ ವ್ಯಕ್ತಿಯ ಮೇಲೆ ನಡೆದ ಪ್ರಯೋಗ. ಮೂರನೆಯದಾಗಿ, ಕಲಿತದ್ದು ಅರ್ಥವೇ ಇಲ್ಲದ ತುಣುಕುಗಳನ್ನು.

ಅರ್ಥವಿದ್ದರೆ ಕಥೆ ಬೇರೆಯಾಗುತ್ತದೆ ಎಂದು ತೋರಿಸಿದವರೂ ಎಬ್ಬಿಂಗ್‌ಹೌಸ್ ಅವರೇ. ಬೈರನ್ ಕವಿಯ ಡಾನ್ ಜುವಾನ್ ಕಾವ್ಯದ ಪದ್ಯಗಳನ್ನು ಅವರು ಇದೇ ರೀತಿ ಕಂಠಪಾಠ ಮಾಡಿ ನೋಡಿದರು. ಅರ್ಥವಿಲ್ಲದ ಸಾಲಿಗೆ ಹೋಲಿಸಿದರೆ ಅಷ್ಟೇ ಉದ್ದದ ಪದ್ಯಕ್ಕೆ ಬೇಕಾದ ಶ್ರಮ ಸುಮಾರು ಹತ್ತನೇ ಒಂದು ಭಾಗ ಮಾತ್ರ. ಸುಮಾರು ಎರಡು ದಶಕಗಳ ನಂತರ ಆ ಪದ್ಯಗಳನ್ನು ಮತ್ತೆ ಕಲಿತಾಗಲೂ ಸ್ವಲ್ಪ ಸಮಯ ಉಳಿಯಿತು. ಪೂರ್ತಿ ಮರೆತಿದ್ದೇವೆ ಎಂದುಕೊಂಡದ್ದೂ ಪೂರ್ತಿ ಹೋಗಿರುವುದಿಲ್ಲ!

ಹಾಗೆಂದು ರೇಖೆಯೇ ಸುಳ್ಳು ಎನ್ನುವಂತಿಲ್ಲ. 2015ರಲ್ಲಿ ನೆದರ್‌ಲ್ಯಾಂಡ್ಸ್‌ನ ಸಂಶೋಧಕರು ಈ ಪ್ರಯೋಗವನ್ನು ಮತ್ತೆ ಮಾಡಿ ನೋಡಿದರು. ಅಲ್ಲೂ ಒಬ್ಬರೇ ವ್ಯಕ್ತಿ, ಒಟ್ಟು 70 ಗಂಟೆಗಳಷ್ಟು ಕಾಲ ಇಂಥ ಸಾಲುಗಳನ್ನು ಕಲಿತರು. ಬಂದ ರೇಖೆ ಎಬ್ಬಿಂಗ್‌ಹೌಸ್ ಅವರ ರೇಖೆಯನ್ನೇ ಬಹುತೇಕ ಹೋಲುತ್ತಿತ್ತು. ಆದ್ದರಿಂದ ರೇಖೆಯ ಆಕಾರ ನಂಬಬಹುದಾದದ್ದು. ಆದರೆ ಶೇ. 70 ಎಂಬ ಅಂಕಿಯನ್ನು ಎಲ್ಲ ಮನುಷ್ಯರಿಗೂ ಎಲ್ಲ ಪಾಠಕ್ಕೂ ಅಂಟಿಸುವುದು ತಪ್ಪು.

ಇದರಿಂದ ಕ್ವಿಜ್ ಮಾಡುವವರಿಗೆ ಎರಡನೆಯ ಸುಳಿವು ಸಿಗುತ್ತದೆ. ಅಳತೆಯನ್ನು ಕೇಳುವ ಮೊದಲು ಅದರ ಕಾರಣವನ್ನು ಕಲಿಸಿ. ಹಾಲನ್ನು 60ರಿಂದ 65 ಡಿಗ್ರಿ ಸೆಲ್ಸಿಯಸ್‌ಗೆ ನಿಲ್ಲಿಸಬೇಕು ಎಂಬುದು ಬರೀ ಅಂಕಿ. ಅದಕ್ಕಿಂತ ತುಂಬಾ ಹೆಚ್ಚು ಕಾಯಿಸಿದರೆ ಹಾಲಿನ ಪ್ರೋಟೀನ್‌ಗಳ ರಚನೆ ಕೆಟ್ಟು ನೊರೆ ಒಡೆಯುತ್ತದೆ, ಕಾಯಿಸಿದ ವಾಸನೆ ಬರುತ್ತದೆ ಎಂದು ಹೇಳಿದರೆ ಆ ಅಂಕಿಗೆ ಒಂದು ಅರ್ಥ ಬಂತು. ಅರ್ಥವಿರುವುದು ಉಳಿಯುತ್ತದೆ.

68 ಸಲವೋ, 38 ಸಲವೋ?

ಅವರ ಇನ್ನೊಂದು ಪ್ರಯೋಗ ಇದಕ್ಕಿಂತಲೂ ಹೆಚ್ಚು ಉಪಯೋಗದ್ದು. ಹನ್ನೆರಡು ತುಣುಕುಗಳ ಸಾಲನ್ನು ಒಂದೇ ದಿನ ಒಟ್ಟಿಗೆ 68 ಸಲ ಓದಿ, ಮರುದಿನ ಮತ್ತೆ ಕಲಿಯಲು ಎಷ್ಟು ಶ್ರಮ ಬೇಕು ಎಂದು ನೋಡಿದರು. ಇನ್ನೊಮ್ಮೆ ಅಂಥದ್ದೇ ಸಾಲನ್ನು ಮೂರು ದಿನಗಳಲ್ಲಿ ಹಂಚಿಕೊಂಡು ಓದಿದರು. ಹೀಗೆ ಹಂಚಿದಾಗ ಅಷ್ಟೇ ಫಲ ಸಿಗಲು 38 ಸಲ ಓದಿದರೆ ಸಾಕಾಯಿತು. ಹೆಚ್ಚುಕಡಿಮೆ ಅರ್ಧ ಶ್ರಮ!

ಪರೀಕ್ಷೆಯ ಹಿಂದಿನ ರಾತ್ರಿ ನಿದ್ದೆಗೆಟ್ಟು ಓದಿ, ಬರೆದು ಬಂದ ವಾರಕ್ಕೇ ಎಲ್ಲವನ್ನೂ ಮರೆತವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಿಡುವು ಕೊಟ್ಟು ಕಲಿತದ್ದು ಗಟ್ಟಿಯಾಗುತ್ತದೆ ಎಂಬ ಈ ಸಂಗತಿಯನ್ನು ಆಮೇಲಿನ ನೂರಾರು ಅಧ್ಯಯನಗಳು ದೃಢಪಡಿಸಿವೆ. ಮನೋವಿಜ್ಞಾನದಲ್ಲಿ ಇಷ್ಟು ಗಟ್ಟಿಯಾಗಿ ನಿಂತ ಫಲಿತಾಂಶಗಳು ಹೆಚ್ಚಿಲ್ಲ.

ಈ ಎಲ್ಲ ಕೆಲಸವನ್ನು ಅವರು ಪುಸ್ತಕವಾಗಿ ಪ್ರಕಟಿಸಿದ್ದು 1885ರಲ್ಲಿ. ಅದೇ ವರ್ಷ ಅವರ ಮಗ ಯೂಲಿಯಸ್ ಹುಟ್ಟಿದ. ಆತ ಮುಂದೆ ತತ್ವಶಾಸ್ತ್ರದ ಪ್ರಾಧ್ಯಾಪಕನಾದ. ಮರುವರ್ಷ ಎಬ್ಬಿಂಗ್‌ಹೌಸ್ ಅವರಿಗೆ ಬರ್ಲಿನ್ ವಿಶ್ವವಿದ್ಯಾಲಯದಲ್ಲಿ ಬಡ್ತಿ ಸಿಕ್ಕಿತು. 1890ರಲ್ಲಿ ಭೌತವಿಜ್ಞಾನಿ ಆರ್ಥರ್ ಕೋನಿಗ್ ಜೊತೆಗೂಡಿ ಮನೋವಿಜ್ಞಾನಕ್ಕೆ ಮೀಸಲಾದ ಒಂದು ಪತ್ರಿಕೆ ಶುರು ಮಾಡಿದರು.

ಆದರೆ 1894ರಲ್ಲಿ ಬರ್ಲಿನ್‌ನ ಮುಖ್ಯ ಪ್ರಾಧ್ಯಾಪಕ ಹುದ್ದೆ ಅವರಿಗೆ ದಕ್ಕಲಿಲ್ಲ. ಅದು ಕಾರ್ಲ್ ಷ್ಟುಂಫ್ ಅವರ ಪಾಲಾಯಿತು. ಎಬ್ಬಿಂಗ್‌ಹೌಸ್ ಪ್ರಕಟಿಸಿದ್ದು ಕಡಿಮೆ ಎಂಬುದು ಇದಕ್ಕೆ ಒಂದು ಕಾರಣವಿರಬಹುದು ಎನ್ನುತ್ತಾರೆ. ವರ್ಷಗಟ್ಟಲೆ ಉರು ಹೊಡೆದು ಒಂದು ತೆಳ್ಳನೆಯ ಪುಸ್ತಕ ಬರೆದವರಿಗೆ ಪುಟಗಳ ಲೆಕ್ಕ ಅಡ್ಡ ಬಂದಿತೇನೋ. ಅವರು ಬರ್ಲಿನ್ ಬಿಟ್ಟು ಬ್ರೆಸ್ಲಾವ್ ನಗರಕ್ಕೆ ಹೋದರು. ಇಂದು ಅದು ಪೋಲೆಂಡಿನಲ್ಲಿದೆ, ಹೆಸರು ವ್ರೋಟ್ಸ್ವಾಫ್.

ಬಿಟ್ಟ ಸ್ಥಳ ತುಂಬಿರಿ

ಬ್ರೆಸ್ಲಾವ್‌ನಲ್ಲಿ ಒಂದು ಹೊಸ ಸಮಸ್ಯೆ ಅವರಿಗಾಗಿ ಕಾದಿತ್ತು. ಅಲ್ಲಿನ ಶಾಲೆಗಳಲ್ಲಿ ಬೆಳಗಿನಿಂದ ಐದು ಗಂಟೆ ಒಂದೇ ಸಮನೆ ತರಗತಿ ನಡೆಯುತ್ತಿತ್ತು. ಇದರಿಂದ ಮಕ್ಕಳ ಬುದ್ಧಿ ದಣಿಯುತ್ತದೆಯೇ ಎಂದು ತಿಳಿಯಬೇಕಿತ್ತು. ಅದಕ್ಕೆ ತರಗತಿಗಳ ನಡುವೆ ಚಿಕ್ಕ ಚಿಕ್ಕ ಪರೀಕ್ಷೆ ಕೊಡಬೇಕು.

ಮೂರು ಬಗೆಯ ಪರೀಕ್ಷೆಗಳನ್ನು ಬಳಸಿದರು. ಒಂದು, ಬೇಗ ಬೇಗ ಲೆಕ್ಕ ಮಾಡುವುದು. ಎರಡು, ಕೇಳಿದ ಅಂಕಿಗಳನ್ನು ನೆನಪಿಟ್ಟು ಹೇಳುವುದು. ಮೂರನೆಯದು ಎಬ್ಬಿಂಗ್‌ಹೌಸ್ ಅವರೇ ರೂಪಿಸಿದ್ದು: ಒಂದು ಗದ್ಯಭಾಗದಲ್ಲಿ ಅಲ್ಲಲ್ಲಿ ಪದಗಳನ್ನೋ ಪದದ ತುಣುಕುಗಳನ್ನೋ ತೆಗೆದುಹಾಕಿ, ಆ ಜಾಗವನ್ನು ತುಂಬುವಂತೆ ಹೇಳುವುದು. ಶಾಲೆಯಲ್ಲಿ ನಾವೆಲ್ಲ ಬರೆದಿರುವ ಬಿಟ್ಟ ಸ್ಥಳ ತುಂಬಿರಿ ಪ್ರಶ್ನೆಯ ಹತ್ತಿರದ ಸಂಬಂಧಿ ಇದು.

1897ರಲ್ಲಿ ಇದರ ವರದಿ ಬಂತು. ದಣಿವಿನ ಪ್ರಶ್ನೆಗೆ ಸ್ಪಷ್ಟ ಉತ್ತರ ಸಿಗದಿದ್ದರೂ ಬೇರೆಯೇ ಒಂದು ಸಂಗತಿ ಹೊರಬಿತ್ತು. ತರಗತಿಯಲ್ಲಿ ಚೆನ್ನಾಗಿ ಓದುವವರು ಯಾರು, ಹಿಂದುಳಿದವರು ಯಾರು ಎಂಬುದನ್ನು ಮೂರನೆಯ ಪರೀಕ್ಷೆ ಮಾತ್ರ ಸರಿಯಾಗಿ ಬೇರ್ಪಡಿಸುತ್ತಿತ್ತು. ಅಂಕಿ ನೆನಪಿಡುವ ಪರೀಕ್ಷೆಯಿಂದ ಅದು ಆಗಲಿಲ್ಲ. ಬಿಟ್ಟ ಜಾಗ ತುಂಬಲು ಪದ ಗೊತ್ತಿದ್ದರೆ ಸಾಲದು, ಹಿಂದುಮುಂದಿನ ವಾಕ್ಯಗಳನ್ನು ಕೂಡಿಸಿ ಅರ್ಥ ಕಟ್ಟಬೇಕು. ಕೆಲವೇ ವರ್ಷಗಳ ನಂತರ ಫ್ರಾನ್ಸ್‌ನ ಆಲ್ಫ್ರೆಡ್ ಬಿನೆ 1905ರಲ್ಲಿ ರೂಪಿಸಿದ ಬುದ್ಧಿಮತ್ತೆಯ ಪರೀಕ್ಷೆಯಲ್ಲೂ ಈ ಬಗೆಯ ಪ್ರಶ್ನೆ ಜಾಗ ಪಡೆಯಿತು.

ನೆನಪಿನ ಪ್ರಯೋಗಗಳಿಗೆ ಅರ್ಥವನ್ನು ಹೊರಗಿಟ್ಟವರೇ ಇಲ್ಲಿ ಅರ್ಥವನ್ನೇ ಮುಂದಿಟ್ಟು ಪ್ರಶ್ನೆ ಮಾಡಿದರು ನೋಡಿ. ಯಾವುದನ್ನು ಅಳೆಯಬೇಕು ಎಂಬುದನ್ನು ಮೊದಲು ನಿರ್ಧರಿಸಬೇಕು, ಪ್ರಶ್ನೆ ಆಮೇಲೆ. ಇದು ಮೂರನೆಯ ಸುಳಿವು.

ಕಾಫಿ ಅಂಗಡಿಗೆ ಇದನ್ನು ತಂದರೆ ಹೇಗಿರುತ್ತದೆ? ಕ್ಯಾಪುಚಿನೋ ಯಾವ ದೇಶದ್ದು ಎಂದು ಕೇಳಿ ನಾಲ್ಕು ಆಯ್ಕೆ ಕೊಟ್ಟರೆ ಉತ್ತರ ಊಹಿಸಬಹುದು. ಗೊತ್ತಿದ್ದರೂ ಕೌಂಟರ್‌ನಲ್ಲಿ ಅದರಿಂದ ಉಪಯೋಗವಿಲ್ಲ. ಅದರ ಬದಲು ಹೀಗೆ ಕೇಳಿ: ನೀವು ಈಗಷ್ಟೇ ಬಾದಾಮಿ ಹಾಲನ್ನು ಬಿಸಿ ಮಾಡಿದ್ದೀರಿ, ಮುಂದಿನ ಗ್ರಾಹಕರಿಗೆ ಬಾದಾಮಿ ಅಲರ್ಜಿ ಇದೆ, ಅವರ ಲಾಟೆ ಶುರು ಮಾಡುವ ಮೊದಲು ನೀವು ಮಾಡುವ ಕೆಲಸಗಳನ್ನು ಬರೆಯಿರಿ. ಇಲ್ಲಿ ಊಹೆ ನಡೆಯುವುದಿಲ್ಲ. ಬೇರೆ ಸ್ವಚ್ಛವಾದ ಜಗ್ ತೆಗೆದುಕೊಳ್ಳಬೇಕು, ಹಬೆ ಬಿಡುವ ಕೊಳವೆಯನ್ನು ಚೆನ್ನಾಗಿ ಸ್ವಚ್ಛ ಮಾಡಬೇಕು, ಕೈ ತೊಳೆಯಬೇಕು, ಅನುಮಾನವಿದ್ದರೆ ಹಿರಿಯರನ್ನು ಕೇಳಬೇಕು, ಅಪಾಯ ಪೂರ್ತಿ ತಪ್ಪಿಸಲು ಆಗದಿದ್ದರೆ ಅದನ್ನು ಗ್ರಾಹಕರಿಗೆ ಮುಚ್ಚಿಡದೆ ಹೇಳಬೇಕು. ಈ ಉತ್ತರದಲ್ಲಿ ತಿಳಿವಳಿಕೆಯೂ ಇದೆ, ಕೆಲಸವೂ ಇದೆ.

ಎಬ್ಬಿಂಗ್‌ಹೌಸ್ ಹೇಳದೆ ಬಿಟ್ಟದ್ದು

1885ರ ಪುಸ್ತಕದ ನಂತರ ಎಬ್ಬಿಂಗ್‌ಹೌಸ್ ನೆನಪಿನ ಪ್ರಯೋಗಗಳನ್ನು ಹೆಚ್ಚಾಗಿ ಮುಂದುವರಿಸಲಿಲ್ಲ. ಆ ಕೆಲಸವನ್ನು ಗ್ಯೋಟಿಂಗೆನ್‌ನ ಗೆಯೋರ್ಗ್ ಮುಲ್ಲರ್ ಮುಂತಾದವರು ಬೆಳೆಸಿದರು. ಅವರು ಬಣ್ಣ ಕಾಣುವ ಬಗೆಯ ಕುರಿತು ಬರೆದರು, ಮನೋವಿಜ್ಞಾನದ ದೊಡ್ಡ ಪಠ್ಯಪುಸ್ತಕಕ್ಕೆ ಕೈಹಾಕಿ ಅದನ್ನು ಫೆಕ್ನರ್ ನೆನಪಿಗೆ ಅರ್ಪಿಸಿದರು. ಮನಸ್ಸನ್ನು ಪ್ರಯೋಗದಿಂದ ವಿವರಿಸಲಾಗದು ಎಂದು ವಾದಿಸಿದ ವಿಲ್‌ಹೆಲ್ಮ್ ದಿಲ್ತಾಯ್ ಅವರಿಗೆ 1896ರಲ್ಲಿ ಖಾರವಾಗಿಯೇ ಉತ್ತರ ಬರೆದರು. ಒಂದೇ ಅಳತೆಯ ವೃತ್ತವು ದೊಡ್ಡ ವೃತ್ತಗಳ ನಡುವೆ ಚಿಕ್ಕದಾಗಿ, ಚಿಕ್ಕ ವೃತ್ತಗಳ ನಡುವೆ ದೊಡ್ಡದಾಗಿ ಕಾಣುವ ದೃಷ್ಟಿಭ್ರಮೆಗೂ ಇಂದು ಅವರದೇ ಹೆಸರಿದೆ.

ಒಂದು ಮುಖ್ಯ ಪ್ರಶ್ನೆ ಮಾತ್ರ ಮುಂದಿನವರಿಗೆ ಉಳಿಯಿತು. ಪರೀಕ್ಷೆ ಎನ್ನುವುದು ನೆನಪನ್ನು ಅಳೆಯುತ್ತದೆ, ಸರಿ. ಅದು ನೆನಪನ್ನು ಬದಲಿಸುತ್ತದೆಯೇ?

ಬದಲಿಸುತ್ತದೆ. 2006ರಲ್ಲಿ ಅಮೆರಿಕದ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕೆ ಪ್ರಕಟಿಸಿದ ಪ್ರಯೋಗ ಇದನ್ನು ಚೆನ್ನಾಗಿ ತೋರಿಸುತ್ತದೆ. ವಿದ್ಯಾರ್ಥಿಗಳು ಒಂದು ಪಾಠವನ್ನು ಓದಿದ ಮೇಲೆ ಇನ್ನೊಮ್ಮೆ ಓದುವುದು ಒಂದು ಬಗೆ, ಪುಸ್ತಕ ಮುಚ್ಚಿ ನೆನಪಿದ್ದದ್ದನ್ನು ಬರೆಯುವುದು ಇನ್ನೊಂದು ಬಗೆ. ಐದು ನಿಮಿಷದ ನಂತರ ಪರೀಕ್ಷಿಸಿದಾಗ ಎರಡು ಸಲ ಓದಿದವರೇ ಮುಂದಿದ್ದರು. ಒಂದು ವಾರದ ನಂತರ ಚಿತ್ರ ತಿರುಗಿತು. ಮತ್ತೆ ಓದಿದ್ದವರಿಗೆ ಪಾಠದ ಶೇ. 42ರಷ್ಟು ನೆನಪಿತ್ತು, ನೆನಪಿಸಿಕೊಂಡು ಬರೆದಿದ್ದವರಿಗೆ ಶೇ. 56ರಷ್ಟು. ಒಳಗಿರುವುದನ್ನು ಕಷ್ಟಪಟ್ಟು ಹೊರಗೆಳೆಯುವ ಕೆಲಸವೇ ನೆನಪನ್ನು ಗಟ್ಟಿ ಮಾಡುತ್ತದೆ.

ಹಾಗಾಗಿ ಕ್ವಿಜ್ ಎನ್ನುವುದು ಪಾಠ ಮುಗಿದ ಮೇಲೆ ಇಡುವ ತಪಾಸಣೆ ಅಲ್ಲ, ಅದೇ ಪಾಠ. ಒಂದು ಎಚ್ಚರಿಕೆ ಮಾತ್ರ ಬೇಕು. ಆಯ್ಕೆಯ ಪ್ರಶ್ನೆಗಳಲ್ಲಿ ತಪ್ಪು ಉತ್ತರವೂ ಕಣ್ಣಿಗೆ ಬೀಳುತ್ತದೆ, ಕೆಲವೊಮ್ಮೆ ಅದೇ ಸರಿ ಎಂದು ನೆನಪಿನಲ್ಲಿ ಉಳಿದುಬಿಡುತ್ತದೆ. ಸರಿ ಉತ್ತರವನ್ನು ಕಾರಣದ ಜೊತೆ ತಿಳಿಸಿಬಿಟ್ಟರೆ ಈ ಅಪಾಯ ಬಹಳ ಕಡಿಮೆಯಾಗುತ್ತದೆ. ಅಂಕ ಮಾತ್ರ ತೋರಿಸಿ ಮುಚ್ಚಿಬಿಡುವ ಕ್ವಿಜ್‌ಗಿಂತ, ಪ್ರತಿ ಪ್ರಶ್ನೆಗೂ ಎರಡು ಸಾಲಿನ ವಿವರಣೆ ಕೊಡುವ ಕ್ವಿಜ್ ಮೇಲು.

ಹಾಗಾದರೆ ಕ್ವಿಜ್ ಹೇಗಿರಬೇಕು?

ನಿಮ್ಮದೇ ಒಂದು ಕಾಫಿ ಅಂಗಡಿ ಇದೆ, ಅಥವಾ ಹೊಸಬರಿಗೆ ಕಲಿಸುವ ಜವಾಬ್ದಾರಿ ನಿಮ್ಮ ಮೇಲಿದೆ ಎಂದುಕೊಳ್ಳಿ. ಇಷ್ಟು ಮಾಡಿದರೆ ಸಾಕು.

ಇಪ್ಪತ್ತು ಪ್ರಶ್ನೆಗಳನ್ನು ಒಂದೇ ದಿನ ಕೊಡಬೇಡಿ. ದಿನಕ್ಕೆ ನಾಲ್ಕೈದು ಸಾಕು, ಕೆಲಸ ಶುರುವಾಗುವ ಮೊದಲು ಐದು ನಿಮಿಷ. ಮೊದಲ ದಿನದ ಪ್ರಶ್ನೆಯನ್ನು ಮರುದಿನ ಮತ್ತೆ ಕೇಳಿ, ಆಮೇಲೆ ಮೂರ್ನಾಲ್ಕು ದಿನ ಬಿಟ್ಟು, ಆಮೇಲೆ ಒಂದು ವಾರ, ಆಮೇಲೆ ಒಂದು ತಿಂಗಳು ಬಿಟ್ಟು ಕೇಳಿ. ಮರೆವಿನ ರೇಖೆ ಮೊದಲು ಕಡಿದಾಗಿರುವುದರಿಂದ ಆರಂಭದ ಅಂತರ ಚಿಕ್ಕದಿರಲಿ. ತಪ್ಪಾದ ಪ್ರಶ್ನೆ ಬೇಗ ಮರಳಿ ಬರಲಿ, ಸರಿಯಾದದ್ದು ತಡವಾಗಿ ಬರಲಿ. ಪದಗಳನ್ನು ಬದಲಿಸಿ ಕೇಳಿ. ಇಲ್ಲದಿದ್ದರೆ ಮೂರನೆಯ ಆಯ್ಕೆ ಸರಿ ಎಂಬುದಷ್ಟೇ ನೆನಪಿರುತ್ತದೆ.

ಎಲ್ಲವನ್ನೂ ನೆನಪಿನಿಂದಲೇ ಹೇಳಲಿ ಎಂದು ಹಟ ಹಿಡಿಯಬೇಡಿ. ಅಪರೂಪಕ್ಕೆ ಕೇಳುವ ಪಾನೀಯದ ಅಳತೆಯನ್ನು ಯಂತ್ರದ ಪಕ್ಕದಲ್ಲಿ ಬರೆದು ಅಂಟಿಸಿದರೂ ನಡೆಯುತ್ತದೆ. ನೆನಪಿನ ಶ್ರಮವನ್ನು ತಡಮಾಡಲಾಗದ ವಿಷಯಗಳಿಗೆ ಉಳಿಸಿ: ಅಲರ್ಜಿ, ಬಿಸಿ ಹಬೆಯಿಂದ ಆಗುವ ಸುಟ್ಟಗಾಯ, ಕೆಟ್ಟ ಹಾಲನ್ನು ಗುರುತಿಸುವುದು. ಹಾಲಿನ ಅಲರ್ಜಿಯೂ ಹಾಲಿನ ಸಕ್ಕರೆಯಾದ ಲ್ಯಾಕ್ಟೋಸ್ ಅರಗದಿರುವುದೂ ಒಂದೇ ಅಲ್ಲ ಎಂಬುದು ಇಂಥ ಪ್ರಶ್ನೆಗಳ ಸಾಲಿಗೆ ಸೇರಬೇಕು. ಎರಡನೆಯದರಲ್ಲಿ ಹೊಟ್ಟೆಯ ತೊಂದರೆ, ಮೊದಲನೆಯದರಲ್ಲಿ ಪ್ರಾಣಕ್ಕೇ ಕುತ್ತು ಬರಬಹುದು. ಲ್ಯಾಕ್ಟೋಸ್ ತೆಗೆದ ಹಾಲಿನಲ್ಲೂ ಹಾಲಿನ ಪ್ರೋಟೀನ್ ಇದ್ದೇ ಇರುತ್ತದೆ, ಆದ್ದರಿಂದ ಅಲರ್ಜಿ ಇರುವವರಿಗೆ ಅದೂ ಸಲ್ಲದು.

ಕೊನೆಯದಾಗಿ, ಆರಂಭದ ಅಂಕಗಳನ್ನು ಹಿಡಿದು ಯಾರನ್ನೂ ಅಳೆಯಬೇಡಿ. ಹೊಸಬರು ತಪ್ಪು ಮಾಡುವ ಜಾಗ ಕೌಂಟರ್ ಆಗಬಾರದು, ಕ್ವಿಜ್ ಆಗಬೇಕು. ಅಲ್ಲಿ ತಪ್ಪಿದರೆ ಯಾರಿಗೂ ನೋವಾಗುವುದಿಲ್ಲ.

ಎಬ್ಬಿಂಗ್‌ಹೌಸ್ 1905ರಲ್ಲಿ ಬ್ರೆಸ್ಲಾವ್ ಬಿಟ್ಟು, ವಿದ್ಯಾರ್ಥಿಯಾಗಿ ಓದಿದ್ದ ಹಾಲೆಗೆ ಪ್ರಾಧ್ಯಾಪಕರಾಗಿ ಮರಳಿದರು. ಅಲ್ಲಿಯೇ 1909ರ ಫೆಬ್ರವರಿ 26ರಂದು ನ್ಯುಮೋನಿಯಾದಿಂದ ತೀರಿಕೊಂಡರು. ಆಗ ಅವರಿಗೆ 59 ವರ್ಷ. ಶುರು ಮಾಡಿದ್ದ ದೊಡ್ಡ ಪಠ್ಯಪುಸ್ತಕ ಪೂರ್ತಿಯಾಗಿರಲಿಲ್ಲ.

ಇಷ್ಟು ಓದಿದ ಮೇಲೆ ಆ ಹುಡುಗಿಯ ಕಡೆ ಮತ್ತೊಮ್ಮೆ ನೋಡಿ. ಹಟ ಹಿಡಿದು, ತಾಳ ಹಾಕಿಕೊಂಡು, ವರ್ಷಗಟ್ಟಲೆ ಉರು ಹೊಡೆದ ವಿದ್ವಾಂಸರೂ ಒಂದು ಗಂಟೆಯಲ್ಲಿ ಅರ್ಧಕ್ಕಿಂತ ಹೆಚ್ಚಿನ ಶ್ರಮವನ್ನು ಕಳೆದುಕೊಂಡಿದ್ದರು. ಹಾಗಿರುವಾಗ ಒಂದೇ ಸಲ ಸ್ಲೈಡ್ ನೋಡಿದ ಆಕೆ ಎರಡು ವಾರದ ನಂತರ ಮರೆತದ್ದರಲ್ಲಿ ಆಶ್ಚರ್ಯವೇನು? ಆಕೆಗೆ ಗಮನ ಇರಲಿಲ್ಲ ಎನ್ನುವಂತಿಲ್ಲ. ಮರುದಿನ, ಮರುವಾರ ಅದೇ ಪ್ರಶ್ನೆಯನ್ನು ಯಾರೂ ಆಕೆಗೆ ಮತ್ತೆ ಕೇಳಿರಲಿಲ್ಲ, ಅಷ್ಟೇ.